ಹತ್ತಿ ಬಿಡಿಸುವುದು, ಸಾಲಿ ಬಿಡಿಸುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಇದೇ ಶಾಲೆಯ ಹಳೆಯ ವಿದ್ಯಾರ್ಥಿಯೂ ನಿವೃತ್ತ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ಬಾಲಕಾರ್ಮಿಕ ಪದ್ಧತಿ ಮತ್ತು ಶಿಕ್ಷಣ’. ಪ್ರತಿ ವರ್ಷ ಜೂನ್ 12ಕ್ಕೆ ಈ ವಿಷಯದ ಮೇಲೆ ಜಾಥಾ ತೆಗೆಯುತ್ತೇವೆ, ಪ್ರತಿಜ್ಞೆ ಬೋಧಿಸುತ್ತೇವೆ. ಘೋಷಣೆ ಕೂಗುತ್ತ ಹೋಗುವಾಗ ದಾರಿ ಪಕ್ಕದ ಹೊಲದಲ್ಲಿ ಕಸ ಆರಿಸುತ್ತಿರುವ ನಮ್ಮದೇ ಸಾಲಿಯ ಹುಡುಗರು ನಮಗೆ ಕೈ ಬೀಸುತ್ತಾರೆ. ನಾವೂ ಬೀಸುತ್ತೇವೆ. ಆ ಜಾಥಾದ ಮಾತುಗಳನ್ನು ಇಲ್ಲಿ ಮತ್ತೆ ಆಡುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕುಗಳಲ್ಲಿ ಮಾಸ್ತರಿಕೆ ಮಾಡಿ, ಕೊನೆಯ ಆರು ವರ್ಷ ಇದೇ ಶಾಲೆಯಲ್ಲಿದ್ದು ನಿವೃತ್ತನಾದವನು ನಾನು. ಅಷ್ಟು ವರ್ಷ ಮಕ್ಕಳನ್ನು ಕರೆಯಲು ಮನೆ ಮನೆಯ ಕಟ್ಟೆ ಹತ್ತಿದ್ದೇನೆ. ಒಂದು ಮನೆ ತನ್ನ ಮಗುವನ್ನು ಸಾಲಿಗೆ ಕಳಿಸಬೇಕೋ ದುಡಿಯಲು ಕಳಿಸಬೇಕೋ ಎಂದು ಹೇಗೆ ತೀರ್ಮಾನಿಸುತ್ತದೆ ಅನ್ನುವುದಷ್ಟನ್ನೇ ಹೇಳುತ್ತೇನೆ. ಊಟಕ್ಕೆ ಮೊದಲಿನ ಭಾಷಣ ನನ್ನದು, ಆದ್ದರಿಂದ ಉದ್ದ ಮಾಡುವುದಿಲ್ಲ.

ಈ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವಾಗ ನಾನೂ ದಾಖಲಾತಿ ಪುಸ್ತಕಗಳನ್ನು ತಿರುವಿ ಹಾಕಿದೆ. ಅದರ ಕೊನೆಯ ಕಡೆ ‘ಶಾಲೆ ಬಿಟ್ಟ ಕಾರಣ’ ಅಂತ ಒಂದು ಕಾಲಂ ಇದೆ. ನಡುವೆ ಬಿಟ್ಟು ಹೋದವರ ಹೆಸರಿನ ಮುಂದೆ ಪುಟದ ಮೇಲೆ ಪುಟ ಒಂದೇ ಉತ್ತರ: ದೀರ್ಘ ಗೈರುಹಾಜರಿ. ಅಂದರೆ ಶಾಲೆಗೆ ಬರದೇ ಇದ್ದದ್ದರಿಂದ ಶಾಲೆ ಬಿಟ್ಟ! ನಮ್ಮ ಇಲಾಖೆಯ ಕಾಗದ ಬರೆಯುವ ರೀತಿಯೇ ಹಾಗೆ, ಬರೆದ ಕೈಗಳನ್ನು ನಾನು ದೂರುವುದಿಲ್ಲ. ಆದರೆ ಆ ಎರಡು ಶಬ್ದದ ಹಿಂದೆ ಒಂದು ಮನೆಯ ಪೂರ್ತಿ ಲೆಕ್ಕಾಚಾರ ಇರುತ್ತದೆ.

ಮೊದಲಿಗೆ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಇಷ್ಟು ವರ್ಷದಲ್ಲಿ ‘ನನ್ನ ಮಗನಿಗೆ ಸಾಲಿ ಬ್ಯಾಡ, ದುಡೀಲಿ’ ಅಂತ ಎದುರಿಗೆ ನಿಂತು ಹೇಳಿದ ತಂದೆ ತಾಯಿ ನನಗೆ ಬೆರಳೆಣಿಕೆಯಷ್ಟೂ ಸಿಕ್ಕಿಲ್ಲ. ಸಿಕ್ಕ ಉತ್ತರ ಬೇರೆ: ‘ನಾವೇನ್ ಬಿಡಿಸಿಲ್ರಿ ಸರ, ತಾನೇ ಬಿಟ್ಟಾದ.’ ಇನ್ನೊಂದು: ‘ಈ ಹತ್ತಿ ಒಂದೀಟು ಮುಗೀಲಿ ಸರ, ಸೋಮಾರದಿಂದ ಕಳಸ್ತೀನಿ.’ ಎರಡೂ ಸುಳ್ಳಲ್ಲ. ಹೇಳುವಾಗ ಆ ತಾಯಿ ನಿಜವಾಗಿಯೇ ಸೋಮವಾರದಿಂದ ಕಳಿಸಬೇಕು ಅಂದುಕೊಂಡಿರುತ್ತಾಳೆ. ಹತ್ತಿ ಬೆಳೆದವರಿಗೆ ಗೊತ್ತು, ಹತ್ತಿ ಒಂದೇ ಸಲಕ್ಕೆ ಬಿಡಿಸಿ ಮುಗಿಯುವ ಬೆಳೆಯಲ್ಲ. ಕಾಯಿ ಒಡೆದಂತೆಲ್ಲ ಎರಡು ಸಲ, ಮೂರು ಸಲ ಬಿಡಿಸಬೇಕು. ನಮ್ಮ ಹೊಲದ್ದು ಮುಗಿಯುವ ಹೊತ್ತಿಗೆ ಪಕ್ಕದವರದು ಒಡೆದಿರುತ್ತದೆ, ಅಲ್ಲಿಗೆ ಕೂಲಿಗೆ ಕರೆ ಬರುತ್ತದೆ. ಹೀಗೆ ಸೋಮವಾರ ಮುಂದಕ್ಕೆ ಹೋಗುತ್ತ ಹೋಗುತ್ತ ಸಂಕ್ರಾಂತಿ ದಾಟುತ್ತದೆ. ಆಮೇಲೆ ನೀರಾವರಿ ಊರುಗಳಲ್ಲಿ ಮೆಣಸಿನಕಾಯಿ ಹರಿಯುವುದು ಶುರು. ಅದು ಮುಗಿಯುವಷ್ಟರಲ್ಲಿ ಪರೀಕ್ಷೆಯ ವೇಳಾಪಟ್ಟಿ ಬೋರ್ಡಿಗೆ ಹಚ್ಚಿರುತ್ತಾರೆ.

ನಮ್ಮ ಶಾಲಾ ವರ್ಷವನ್ನೂ ಹೊಲದ ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ದೊಡ್ಡ ರಜೆ ಏಪ್ರಿಲ್ ಮೇ ತಿಂಗಳಲ್ಲಿ. ಆಗ ನಮ್ಮ ಕಡೆ ಒಣ ಹೊಲದಲ್ಲಿ ಏನೂ ಕೆಲಸ ಇಲ್ಲ, ಬಿಸಿಲು ಬಿಟ್ಟರೆ. ದಸರಾ ರಜೆ ಮುಗಿದು ಮಕ್ಕಳು ಮರಳಿ ಬರಬೇಕಾದ ಹೊತ್ತಿಗೆ ಸರಿಯಾಗಿ ಹತ್ತಿ ಒಡೆಯುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಶಾಲೆಯಲ್ಲಿ ಪಾಠ ಜೋರು, ಹೊಲದಲ್ಲೂ ಕೆಲಸ ಜೋರು. ಶಾಲೆಗೆ ಬಿಡುವಿದ್ದಾಗ ಹೊಲಕ್ಕೂ ಬಿಡುವು, ಹೊಲಕ್ಕೆ ಆಳು ಬೇಕಾದಾಗ ಶಾಲೆಗೂ ಮಕ್ಕಳು ಬೇಕು. ಬೆಂಗಳೂರಿನಲ್ಲಿ ವೇಳಾಪಟ್ಟಿ ಹಾಕುವವರಿಗೆ ಇದು ಕಾಣುವುದಿಲ್ಲ, ಅದಕ್ಕೇ ಹೇಳಿದೆ.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಮುಖ್ಯ. ದಿನಗೂಲಿ ಕೆಲಸಕ್ಕೆ ಹನ್ನೆರಡು ವರ್ಷದ ಹುಡುಗಿಯನ್ನು ಪೂರ್ತಿ ಆಳು ಅಂತ ಯಾರೂ ಕರೆಯುವುದಿಲ್ಲ. ಹತ್ತಿ ಬಿಡಿಸುವುದು ಕಿಲೊ ಲೆಕ್ಕ. ಕಿಲೊ ಲೆಕ್ಕಕ್ಕೆ ವಯಸ್ಸಿಲ್ಲ. ತಾಯಿ ಒಂದು ಸಾಲು, ಮಗಳು ಪಕ್ಕದ ಸಾಲು. ಸಂಜೆ ಕಾಟಾದ ಮೇಲೆ ಇಬ್ಬರ ಗಂಟೂ ಒಂದೇ. ಬರೆದುಕೊಳ್ಳುವುದು ತಾಯಿಯ ಹೆಸರು. ಕಾರ್ಮಿಕ ಇಲಾಖೆಯವರು ಬಂದು ಕೇಳಿದರೆ ಹೊಲದ ಒಡೆಯ ‘ನಾನು ಮಕ್ಕಳನ್ನ ಕರದಿಲ್ರಿ, ಅವ್ವನ ಹಿಂದ ಬಂದಾದ’ ಅನ್ನುತ್ತಾನೆ. ಅದೂ ಸುಳ್ಳಲ್ಲ! ಹೀಗೆ ಮಗುವಿನ ದುಡಿಮೆ ಯಾವ ಪುಸ್ತಕದಲ್ಲೂ ಇಲ್ಲ, ಮಗುವಿನ ಗೈರುಹಾಜರಿ ಮಾತ್ರ ನಮ್ಮ ಪುಸ್ತಕದಲ್ಲಿದೆ.

ಮೂರು ನಾಲ್ಕು ವಾರ ಬಿಟ್ಟು ಬಂದ ಹುಡುಗ ತರಗತಿಯಲ್ಲಿ ಕೂತಾಗ ಏನಾಗುತ್ತದೆ? ಬೀಜಗಣಿತ ಮುಂದೆ ಹೋಗಿಬಿಟ್ಟಿದೆ. ಇಂಗ್ಲಿಷ್ ಮೊದಲೇ ಗೊತ್ತಿರಲಿಲ್ಲ. ‘ಎಲ್ಲಿದ್ದಿ ಇಷ್ಟು ದಿನ?’ ಅಂತ ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಾರೆ. ಹೊಲದಲ್ಲಿ ಅವನು ಕೆಲಸ ಬಲ್ಲ ಹುಡುಗ, ಇಲ್ಲಿ ದಡ್ಡ. ಎರಡು ದಿನ ಬಂದು ಮೂರನೇ ದಿನ ಬರುವುದಿಲ್ಲ. ಈಗ ಮನೆಯವರು ಹೇಳುವ ‘ತಾನೇ ಬಿಟ್ಟಾದ’ ಅನ್ನುವ ಮಾತಿನ ಅರ್ಥ ಗೊತ್ತಾಯಿತಲ್ಲ. ನಮ್ಮ ಭಾಷೆಯಲ್ಲಿ ಹತ್ತಿಗೂ ‘ಬಿಡಿಸುವುದು’ ಅನ್ನುತ್ತೇವೆ, ಸಾಲಿಗೂ ‘ಬಿಡಿಸುವುದು’ ಅನ್ನುತ್ತೇವೆ. ಹತ್ತಿ ಬಿಡಿಸುವವರು ಮನೆಯವರು. ಸಾಲಿ ಬಿಡಿಸುವುದರಲ್ಲಿ ಎಷ್ಟೋ ಸಲ ನಾವು ಮಾಸ್ತರರದೂ ಪಾಲು ಇರುತ್ತದೆ.

ಗುಳೆ ಹೋಗುವವರ ಮಾತು ಬೇರೆ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ, ಊರ ಕೇರಿಗಳಲ್ಲಿ ದೀಪಾವಳಿ ಮುಗಿಯಿತೆಂದರೆ ಮನೆಗಳಿಗೆ ಬೀಗ. ಮುಂಬಯಿ, ಪುಣೆ, ಹೈದರಾಬಾದ್, ಈಗೀಗ ಹೆಚ್ಚಾಗಿ ಬೆಂಗಳೂರು. ಹೋಗಬೇಕೋ ಬೇಡವೋ ಅನ್ನುವುದು ದೀಪಾವಳಿಗೆ ತೀರ್ಮಾನ ಆಗುವುದಿಲ್ಲ. ಮೇಸ್ತ್ರಿಯ ಕೈಯಿಂದ ಮುಂಗಡ ತೆಗೆದುಕೊಂಡ ದಿನವೇ ಆಗಿರುತ್ತದೆ. ಮುಂಗಡ ತೆಗೆದುಕೊಂಡದ್ದು ಹಿರಿ ಮಗಳ ಮದುವೆಗೆ, ಇಲ್ಲವೆ ಕಲಬುರಗಿ ರಾಯಚೂರು ದವಾಖಾನೆಗೆ, ಇಲ್ಲವೆ ನೀರು ಬೀಳದ ಬೋರ್‌ವೆಲ್ಲಿಗೆ. ಆರನೇ ತರಗತಿಯ ಹುಡುಗನ ಶಾಲೆಯ ಭವಿಷ್ಯ ಯಾರೋ ಒಬ್ಬರ ಜ್ವರದ ದಿನ ನಿರ್ಧಾರವಾಗಿ ಹೋಗಿರುತ್ತದೆ, ಮತ್ತು ಆ ದಿನ ಮನೆಯಲ್ಲಿ ಶಾಲೆಯ ಮಾತು ಯಾರೂ ಎತ್ತಿರುವುದಿಲ್ಲ. ನಾವು ಹಾಜರಿ ಕೂಗಿ ‘ಎಲ್ಲಿ ಹೋದ?’ ಅಂತ ಕೇಳುವುದು ಎಷ್ಟೋ ತಿಂಗಳಾದ ಮೇಲೆ.

ಗುಳೆ ಹೋಗುವ ಮನೆಯಲ್ಲಿ ಮಗು ಊರಲ್ಲಿ ಉಳಿಯುವುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ರೊಟ್ಟಿ ಬಡಿದು ಹಾಕುವವರು ಯಾರು? ಅಜ್ಜಿ ಗಟ್ಟಿ ಇದ್ದರೆ ಮಗು ಉಳಿಯುತ್ತದೆ. ಅಜ್ಜಿ ತೀರಿದ ವರ್ಷ ಮಗುವೂ ಬಸ್ ಹತ್ತುತ್ತದೆ. ಗುಳೆ ಹೋದವರ ಮಕ್ಕಳಿಗೆಂದು ಹಂಗಾಮಿ ವಸತಿ ಕೇಂದ್ರಗಳನ್ನು ಸರಕಾರ ನಡೆಸಿದ್ದುಂಟು. ಅದು ಅಜ್ಜಿಯ ಕೆಲಸವನ್ನೇ ಮಾಡುವ ಯೋಜನೆ. ಒಳ್ಳೆಯದೇ. ಆದರೆ ಅಂಥ ಕೇಂದ್ರ ಮೇಸ್ತ್ರಿಯ ಗಾಡಿ ಬರುವ ಮೊದಲು ಬಾಗಿಲು ತೆರೆಯಬೇಕು. ಒಂದು ಊರಲ್ಲಿ ಮಂಜೂರಾತಿ ಆದೇಶ ಕೈಗೆ ಬಂದಾಗ ಗಾಡಿ ಹೋಗಿ ತಿಂಗಳಾಗಿತ್ತು.

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಎಲ್ಲ ಮಕ್ಕಳನ್ನೂ ಬಿಡಿಸುವ ಮನೆ ಕಡಿಮೆ. ಒಬ್ಬನನ್ನು ಓದಿಸಿ, ಒಬ್ಬಳನ್ನು ಮನೆಯಲ್ಲಿ ಇಟ್ಟುಕೊಂಡು, ಒಬ್ಬನನ್ನು ದುಡಿಯಲು ಹಚ್ಚುವ ಮನೆಗಳೇ ಹೆಚ್ಚು. ಯಾರು ಯಾವುದಕ್ಕೆ? ಎಪ್ಪತ್ತೆರಡರ ಬರ ಬಂದಾಗ ನಾನು ಹತ್ತು ವರ್ಷದವನು. ನಮ್ಮ ಅಕ್ಕನನ್ನು ಮೂರನೇ ಇಯತ್ತೆಗೇ ಬಿಡಿಸಿದರು, ಅವ್ವ ಬರಗಾಲದ ಕಾಮಗಾರಿಗೆ ಜಲ್ಲಿ ಒಡೆಯಲು ಹೋಗಬೇಕಿತ್ತು, ಕೂಸು ಹಿಡಿಯುವವರು ಬೇಕಿತ್ತು. ಅಣ್ಣ ಒಬ್ಬರ ಮನೆಯಲ್ಲಿ ವರ್ಷದ ಲೆಕ್ಕಕ್ಕೆ ದನ ಕಾಯಲು ನಿಂತ. ಆತನ ದುಡಿಮೆಯ ಜೋಳದಲ್ಲಿ ನಾನು ಉಂಡೆ. ಎರಡು ವರ್ಷ ಕಳೆದು ಈ ಹೈಸ್ಕೂಲು ಊರಿಗೆ ಬಂದಾಗ ನಾನು ಏಳನೆಯದು ಓದುತ್ತಿದ್ದೆ. ಅಪ್ಪ ಒಂದೇ ಮಾತು ಅಂದ: ‘ಇವನೊಬ್ಬ ಕಲೀಲಿ.’ ನನಗೆ ಬುದ್ಧಿ ಹೆಚ್ಚು ಅಂತಲ್ಲ. ಮೂರನೆಯವನಾಗಿ ಹುಟ್ಟಿದ್ದೆ, ಅಷ್ಟೇ. ಅಣ್ಣ ಲೆಕ್ಕದಲ್ಲಿ ನನಗಿಂತ ಚುರುಕು, ಇವತ್ತಿಗೂ ಸಂತೆಯಲ್ಲಿ ನನ್ನ ಮೊದಲು ಬಾಯಲ್ಲೇ ಹೇಳುತ್ತಾನೆ.

ಇಲ್ಲಿ ಕೂತ ಹಳೆಯ ವಿದ್ಯಾರ್ಥಿಗಳಲ್ಲಿ ತಹಶೀಲ್ದಾರ ಕಚೇರಿಯವರಿದ್ದೀರಿ, ಪೊಲೀಸರಿದ್ದೀರಿ, ನರ್ಸಮ್ಮಂದಿರಿದ್ದೀರಿ, ಬೆಂಗಳೂರಿನಲ್ಲಿ ಕಂಪನಿ ಸೇರಿದವರಿದ್ದೀರಿ. ನಿಮ್ಮ ಮನೆಯಲ್ಲೂ ಒಬ್ಬ ಅಣ್ಣ, ಒಬ್ಬ ಅಕ್ಕ ಹೀಗೆ ಇರಬಹುದು. ಸಂಚಿಕೆಯ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ.

ಹುಡುಗಿಯರ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿ. ದೊಡ್ಡವಳಾದ ಮೇಲೆ ಎರಡು ಮೂರು ಕಿಲೊಮೀಟರ್ ದಾರಿ, ದಾರಿಯಲ್ಲಿ ಮಾತಾಡುವ ಹುಡುಗರು, ಶಾಲೆಯಲ್ಲಿ ಬೀಗ ಹಾಕಿದ ಶೌಚಾಲಯ. ‘ಏನರ ಆದ್ರ ಯಾರ್ ಹೊಣಿರಿ?’ ಅಂತ ತಂದೆ ಕೇಳಿದರೆ ಮಾಸ್ತರ ಏನು ಹೇಳಬೇಕು? ಮನೆಯಲ್ಲಿ ಕೂತ ಹುಡುಗಿಗೆ ಗಂಡು ಬರುವುದು ತಡವಾಗುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕಡೆಯದು. ಹೆಣ್ಣುಮಕ್ಕಳದು ಶೇಕಡಾ 41.38. ಇವತ್ತು ಶಾಲೆಗೆ ಬರುವ ಎಷ್ಟೋ ಮಕ್ಕಳ ತಾಯಂದಿರು ಆ ಲೆಕ್ಕದಲ್ಲಿ ಓದು ಬಾರದ ಕಡೆ ಸೇರಿದವರು. ಅವರ ಅಜ್ಜಂದಿರ ಕಾಲಕ್ಕೆ ನಿಜಾಮರ ಆಳ್ವಿಕೆ, ಮೇಲಿನ ತರಗತಿಗಳ ಓದೆಲ್ಲ ಉರ್ದುವಿನಲ್ಲಿ. ಮನೆಯ ಮಾತು ಒಂದು, ಸಾಲಿಯ ಮಾತು ಇನ್ನೊಂದು. ಸಾಲಿ ಅಂದರೆ ನಮ್ಮದಲ್ಲ ಅನ್ನುವ ಭಾವನೆ ಒಂದು ತಲೆಮಾರಿನಲ್ಲಿ ಹೋಗುವಂಥದ್ದಲ್ಲ.

ಬಡತನವೇ ಕಾರಣ ಅನ್ನುವವರಿದ್ದಾರೆ. ಕೌಶಿಕ್ ಬಸು ಅವರು 1998ರಲ್ಲಿ ಸಹಲೇಖಕರೊಬ್ಬರ ಜೊತೆ ಬರೆದ ಪ್ರಬಂಧದ ಸಾರವೂ ಅದೇ: ಬೇರೆ ದಾರಿ ಇದ್ದರೆ ತಂದೆ ತಾಯಿ ಮಕ್ಕಳನ್ನು ದುಡಿಯಲು ಕಳಿಸುವುದಿಲ್ಲ. ಮೈರನ್ ವೀನರ್ ಎಂಬ ಅಮೆರಿಕದ ವಿದ್ವಾಂಸರು 1991ರ ತಮ್ಮ ಪುಸ್ತಕದಲ್ಲಿ, ಬಡತನ ನೆಪ, ಭಾರತದ ಸರಕಾರಕ್ಕೂ ಮೇಲಿನವರಿಗೂ ಬಡವರ ಮಕ್ಕಳನ್ನು ಕಡ್ಡಾಯವಾಗಿ ಓದಿಸುವ ಮನಸ್ಸಿಲ್ಲ ಎಂದರು. ನನಗೆ ಎರಡನೆಯದು ಹೆಚ್ಚು ಚುಚ್ಚಿತು, ಮೊದಲನೆಯದು ಹೆಚ್ಚು ನಿಜ ಅನ್ನಿಸಿತು. ಆದರೆ ಬಡತನವೊಂದನ್ನೇ ಹಿಡಿದರೂ ಲೆಕ್ಕ ಕೂಡುವುದಿಲ್ಲ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬಂದ ಊರುಗಳಲ್ಲಿ ಕೈಯಲ್ಲಿ ದುಡ್ಡು ಆಡಿತು, ಮನೆಗಳು ಆರ್‌ಸಿಸಿ ಆದವು. ಮಕ್ಕಳಿಗೆ ಕೆಲಸವೂ ಹೆಚ್ಚಾಯಿತು. ಒಣ ಹೊಲದಲ್ಲಿ ಒಂದು ಬೆಳೆ ಇದ್ದಲ್ಲಿ ಎರಡಾಯಿತು, ಭತ್ತ ಬಂತು, ಮೆಣಸಿನಕಾಯಿ ಬಂತು. ಸ್ವಂತ ಹೊಲದಲ್ಲಿ ಮಗ ದುಡಿದರೆ ಅದನ್ನು ಯಾರೂ ಬಾಲಕಾರ್ಮಿಕತೆ ಅನ್ನುವುದಿಲ್ಲ, ‘ನಮ್ಮ ಮನೀ ಕೆಲಸ’ ಅನ್ನುತ್ತಾರೆ.

ನಮ್ಮ ಗಡಿಗೆ ಹತ್ತಿಕೊಂಡಿದ್ದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಮತ್ತು ಎಂ.ವಿ. ಫೌಂಡೇಶನ್ನಿನವರು ತೊಂಬತ್ತರ ದಶಕದಲ್ಲಿ ಜೀತಕ್ಕಿದ್ದ ಮಕ್ಕಳನ್ನು ಬಿಡಿಸಿ, ಶಿಬಿರಗಳಲ್ಲಿ ಓದು ಹಿಡಿಸಿ, ಶಾಲೆಗೆ ಸೇರಿಸಿದರು. 2003ರಲ್ಲಿ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಅನ್ನುವುದು ಅವರ ನಿಲುವು. ಮನೆಯಲ್ಲಿ ಕೂಸು ಹಿಡಿಯುವ ಹುಡುಗಿಯೂ ಆ ಲೆಕ್ಕಕ್ಕೆ ಬರುತ್ತಾಳೆ, ಸ್ವಂತ ಹೊಲದ ಹುಡುಗನೂ ಬರುತ್ತಾನೆ. ಮೊದಲ ಸಲ ಕೇಳಿದಾಗ ಅತಿಯಾಯಿತು ಅನ್ನಿಸಿತು. ಅಕ್ಕನನ್ನು ನೆನೆದ ಮೇಲೆ ಹಾಗನ್ನಿಸಲಿಲ್ಲ.

ಇನ್ನು ಕಾನೂನು. 1986ರ ಕಾಯ್ದೆ ಪಟ್ಟಿ ಮಾಡಿದ ಕೆಲಸಗಳಿಗಷ್ಟೇ ಮಕ್ಕಳನ್ನು ನಿಷೇಧಿಸಿತ್ತು, ಹೊಲದ ಕೈಕೆಲಸ ಬಹುತೇಕ ಆ ಪಟ್ಟಿಯ ಹೊರಗೇ ಇತ್ತು. 2016ರ ತಿದ್ದುಪಡಿ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚಬಾರದು ಅಂದಿತು, ಆದರೆ ಶಾಲೆಯ ಸಮಯದ ನಂತರ ಮತ್ತು ರಜೆಯಲ್ಲಿ ಮನೆಯವರಿಗೆ ನೆರವಾಗಬಹುದು ಅಂತ ಒಂದು ಬಾಗಿಲು ಬಿಟ್ಟಿತು. 14ರಿಂದ 18ರವರೆಗಿನವರಿಗೆ ಅಪಾಯದ ಕೆಲಸ ಮಾತ್ರ ನಿಷೇಧ. ಇತ್ತ 2010ರ ಏಪ್ರಿಲ್‌ನಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ. ಎರಡನ್ನೂ ಜೋಡಿಸಿ ನೋಡಿದರೆ ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಯ ಹೊಸ್ತಿಲಲ್ಲಿ ಎರಡೂ ಕಾನೂನು ಒಟ್ಟಿಗೆ ಕೈಬಿಡುತ್ತವೆ. ಅಲ್ಲಿಂದ ಮುಂದೆ ಓದಿಸಲೇಬೇಕು ಅನ್ನುವ ಕಾಯ್ದೆಯೂ ಇಲ್ಲ, ಹೊಲಕ್ಕೆ ಕಳಿಸಬೇಡ ಅನ್ನುವ ಕಾಯ್ದೆಯೂ ಇಲ್ಲ. ತೋಳಿಗೆ ಪೂರ್ತಿ ಕೂಲಿ ಸಿಗುವುದೂ ಸುಮಾರು ಅದೇ ವಯಸ್ಸಿಗೆ. ಪ್ರಾಥಮಿಕ ಶಾಲೆಯ ಮಾಸ್ತರರು ಕಾನೂನಿನ ಹೆದರಿಕೆ ಹಾಕಬಹುದು, ಹೈಸ್ಕೂಲಿನವರ ಹತ್ತಿರ ಮಾತೊಂದೇ ಇದೆ.

ಆ ಮಾತಿಗೆ ಮನೆಯವರ ಎದುರುಮಾತು: ‘ಕಲ್ತು ಏನ್ ಮಾಡ್ತಾನ್ರಿ? ಫೇಲಾದವ ಹ್ಯಾಂಗೂ ಬೆಂಗಳೂರಿಗಿ ಹೋಗಾಂವ. ಮೊದಲ ಹ್ವಾದ್ರ ಎರಡ ವರ್ಷದ ಗಳಿಕೆ ಉಳೀತದ.’ ಇದನ್ನು ಅಜ್ಞಾನ ಅಂತ ತಳ್ಳಿಹಾಕಬೇಡಿರಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯದಲ್ಲಿ ಕಡೆಗಿತ್ತು, ತೇರ್ಗಡೆಯಾದವರು ಶೇಕಡಾ 50ಕ್ಕೆ ಚೂರು ಮೇಲೆ. ಇಬ್ಬರಲ್ಲಿ ಒಬ್ಬ ಪಾಸಾಗುವ ಆಟಕ್ಕೆ ಮೂರು ವರ್ಷದ ಕೂಲಿ ಹಾಕಬೇಕೋ ಬೇಡವೋ ಅಂತ ಆ ತಂದೆ ಯೋಚಿಸುತ್ತಾನೆ. ವ್ಯಾಪಾರಿಯೂ ಹಾಗೇ ಯೋಚಿಸುತ್ತಾನೆ. ಅವನಿಗೆ ನಾನು ಕೊಡುತ್ತಿದ್ದ ಉತ್ತರ 371ಜೆ. ಈ ಭಾಗಕ್ಕೆಂದು ಸಂವಿಧಾನದಲ್ಲಿ ಸೇರಿದ ಆ ಕಲಂ ಕೊಡುವ ನೌಕರಿಯ ಮೀಸಲಾತಿ, ಕಾಲೇಜು ಸೀಟಿನ ಮೀಸಲಾತಿ ಎಲ್ಲಕ್ಕೂ ಬಾಗಿಲು ಹತ್ತನೇ ತರಗತಿಯ ಅಂಕಪಟ್ಟಿ. ಅದು ಇಲ್ಲದ ಮನೆಗೆ 371ಜೆ ಬರೀ ಅಂಕಿ. ಕೆಲವರು ಒಪ್ಪುತ್ತಿದ್ದರು. ಊರಲ್ಲಿ ಹಾಗೆ ನೌಕರಿ ಸಿಕ್ಕ ಒಬ್ಬನನ್ನು ತೋರಿಸಿದರೆ ಹೆಚ್ಚು ಜನ ಒಪ್ಪುತ್ತಿದ್ದರು.

ಲೆಕ್ಕವನ್ನು ತಿರುಗಿಸಿದ ವಸ್ತುಗಳನ್ನೂ ಕಂಡಿದ್ದೇನೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ಅಂದಿನ ಗುಲಬರ್ಗಾ ಸೇರಿತ್ತು. ಮಧ್ಯಾಹ್ನ ಬಿಸಿ ಊಟ ಇರುವ ಕಡೆ ಸಣ್ಣ ಮಕ್ಕಳನ್ನು ಹೊಲಕ್ಕೆ ಒಯ್ಯುವುದು ಕಡಿಮೆಯಾಯಿತು, ಬುತ್ತಿ ಕಟ್ಟುವುದು ಉಳಿಯಿತಲ್ಲ. 2006ರ ಹೊತ್ತಿಗೆ ಎಂಟನೆಯವರಿಗೆ ಸೈಕಲ್ ಬಂತು. ದಾರಿಯ ಭಯದ ಮಾತು ಅರ್ಧ ಕಡಿಮೆಯಾಯಿತು, ಹುಡುಗಿಯರು ಗುಂಪಾಗಿ ಬರತೊಡಗಿದರು. 2023ರ ಜೂನ್‌ನಿಂದ ಬಸ್ಸೂ ಪುಕ್ಕಟೆ, ಊರಿಗೆ ಬಸ್ಸು ಬಂದರೆ. ಆದರೂ ಒಂದು ಹುಡುಗಿ ನಿಲ್ಲುವುದೋ ಹೋಗುವುದೋ ಅನ್ನುವಲ್ಲಿ ಹೆಚ್ಚು ಸಲ ಕೆಲಸ ಮಾಡಿದ್ದು ಬಿಟ್ಟ ಮೊದಲ ವಾರದಲ್ಲೇ ಮನೆಗೆ ಹೋಗಿ ಬಂದದ್ದು. ಎಂಟು ದಿನದೊಳಗೆ ಹೋದರೆ ‘ನಾಳಿಂದ ಕಳಸ್ತೀನ್ರಿ’ ಅನ್ನುವ ತಾಯಿ ನಿಜವಾಗಿ ಕಳಿಸುತ್ತಾಳೆ. ತಿಂಗಳಾದ ಮೇಲೆ ಹೋದರೆ ಚಹಾ ಕೊಟ್ಟು ಗೌರವದಿಂದ ಕಳಿಸುತ್ತಾಳೆ, ಮಗಳು ಬರುವುದಿಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘದವರು ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಯೋಚನೆಯಲ್ಲಿದ್ದಾರೆ ಅಂತ ಕೇಳಿದೆ. ಕಟ್ಟಿಸಿರಿ, ಬೇಡ ಅನ್ನುವುದಿಲ್ಲ. ಅದರ ಜೊತೆ ನನ್ನವು ಮೂರು ಬೇಡಿಕೆ. ನವೆಂಬರಿನಿಂದ ಫೆಬ್ರುವರಿವರೆಗೆ ಸಂಜೆ ಎರಡು ತಾಸು, ಹೊಲದಿಂದ ಬಂದ ಮಕ್ಕಳಿಗೆ ತಪ್ಪಿದ ಪಾಠ ಹೇಳಲು ಊರಲ್ಲಿರುವ ಪದವಿ ಆದ ಹುಡುಗ ಹುಡುಗಿಯರನ್ನು ನೇಮಿಸಿರಿ. ಅವರಿಗೆ ಕೊಡುವ ಗೌರವಧನ ಕಮಾನಿನ ಸಿಮೆಂಟಿಗಿಂತ ಹೆಚ್ಚಾಗದು. ಮುಖ್ಯ ಗುರುಗಳು ಪ್ರತಿ ಸೋಮವಾರ ಹೋದ ವಾರ ಬರದೇ ಇದ್ದವರ ಹೆಸರನ್ನು ಸಂಘದ ಇಬ್ಬರಿಗೆ ಕೊಡಲಿ, ಬುಧವಾರದೊಳಗೆ ಒಬ್ಬರು ಆ ಮನೆಗೆ ಹೋಗಲಿ. ಮಾಸ್ತರ ಹೋದರೆ ಸರಕಾರದವ ಬಂದ ಅನ್ನುತ್ತಾರೆ, ಅದೇ ಓಣಿಯಲ್ಲಿ ಹುಟ್ಟಿದವರು ಹೋದರೆ ಮಾತು ಬೇರೆ ಆಗುತ್ತದೆ.

ಮೂರನೆಯದು ಬೆಂಗಳೂರಿನಲ್ಲಿರುವವರಿಗೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬಂದವು. ಮೊದಲ ಫಲಿತಾಂಶ ಬಂದ ವಾರವೇ ಫೇಲಾದ ಹುಡುಗರು ನಿಮ್ಮ ಕಡೆಯ ಬಸ್ಸು ಹತ್ತುತ್ತಾರೆ, ಎರಡನೆಯ ಪರೀಕ್ಷೆಯ ಫಾರ್ಮು ತುಂಬದೆ. ಕಟ್ಟಡದ ಕೆಲಸದಲ್ಲಿ, ಹೋಟೆಲಿನಲ್ಲಿ ನಮ್ಮ ಕಡೆಯ ಮಾತಾಡುವ ಹುಡುಗ ಕಂಡರೆ ಯಾವ ಊರು ಅಂತ ಕೇಳಿರಿ, ಯಾವ ವಿಷಯ ಉಳಿದಿದೆ ಅಂತಲೂ ಕೇಳಿರಿ. ಒಂದು ಫೋನ್ ಮಾಡಿದರೆ ಶಾಲೆಯ ಗುಮಾಸ್ತರು ಫಾರ್ಮು ತುಂಬಿಸಿಕೊಡುತ್ತಾರೆ, ನಾನು ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

 ಅಡುಗೆಯವರು ಎರಡು ಸಲ ಬಂದು ನೋಡಿ ಹೋದರು, ಊಟಕ್ಕೆ ಏಳೋಣ.